ಮಳೆಗಾಲದ ಮಲೆನಾಡಿಗೆ ಯಾವ ಡಿಟರ್ಜೆಂಟ್? ರಿಸೆಪ್ಟರ್ ಶುದ್ಧೀಕರಣದ ಡಿಡಿಎಂ, ಸಿಎಚ್‌ಎಸ್, ಎಲ್‌ಎಂಎನ್‌ಜಿ ಬಾಟಲಿಗಳ ವಿಮರ್ಶೆ

ಕೋಶದ ಪೊರೆಯಲ್ಲಿ ಹುದುಗಿ ಹೊರಗಿನ ಸಂದೇಶ ಹಿಡಿಯುವ ರಿಸೆಪ್ಟರ್ ಪ್ರೋಟೀನನ್ನು ಹೊರತೆಗೆದು ಶುದ್ಧಮಾಡುವ ಲ್ಯಾಬಿನಲ್ಲಿ ಎಲ್ಲರ ಕಣ್ಣು ಯಂತ್ರಗಳ ಮೇಲಿರುತ್ತದೆ. ಕೆಲಸ ಕೂಡಿಬರುವುದೋ ಕೆಡುವುದೋ ತೀರ್ಮಾನವಾಗುವುದು ಮಾತ್ರ ಫ್ರೀಜರ್‌ನಲ್ಲಿರುವ ಸಣ್ಣ ಬಾಟಲಿಯ ಬಿಳಿ ಪುಡಿಯಲ್ಲಿ. ಆ ಪುಡಿಯೇ ಡಿಟರ್ಜೆಂಟ್, ಪೊರೆ ಕರಗಿಸಿ ಪ್ರೋಟೀನನ್ನು ನೀರಿನಲ್ಲಿ ನಿಲ್ಲಿಸುವ ಸಾಬೂನಿನಂಥ ವಸ್ತು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಕಾಲೇಜು ಅಥವಾ ಸಂಶೋಧನಾ ಲ್ಯಾಬಿನವರು ಇದರಲ್ಲಿ ಯಾವುದನ್ನು ಕೊಳ್ಳಬೇಕು, ಎಷ್ಟು ಕೊಳ್ಳಬೇಕು, ಪುನರ್ವಸು ಪುಷ್ಯ ಮಳೆಗಳ ಥಂಡಿಯಲ್ಲಿ ಹೇಗೆ ಇಟ್ಟುಕೊಳ್ಳಬೇಕು ಎಂಬುದೇ ಈ ವಿಮರ್ಶೆಯ ವಿಷಯ.

ತೀರ್ಪನ್ನು ಮೊದಲೇ ಹೇಳುತ್ತೇವೆ. ಪೊರೆ ಕರಗಿಸಲು ಡಿಡಿಎಂ ಎಂಬ ಡಿಟರ್ಜೆಂಟ್, ಅದರ ಜೊತೆ ತಪ್ಪದೆ ಕೊಲೆಸ್ಟ್ರಾಲ್ ಥರದ ಸಿಎಚ್‌ಎಸ್, ಕಾಲಮ್ (ಪ್ರೋಟೀನ್ ಹಿಡಿಯುವ ರೆಸಿನ್ ಮಣಿಗಳನ್ನು ತುಂಬಿದ ಕೊಳವೆ) ಮೇಲೆ ಪ್ರೋಟೀನ್ ಕೂತ ಮೇಲೆ ಎಲ್‌ಎಂಎನ್‌ಜಿ ಎಂಬ ಇನ್ನೊಂದು ಡಿಟರ್ಜೆಂಟಿಗೆ ಬದಲಾವಣೆ. ಈ ಮೂರೂ ಇದ್ದರೆ ಕೋಶದೊಳಗಿನ ಜಿ-ಪ್ರೋಟೀನ್ ಎಂಬ ಸಂದೇಶವಾಹಕಕ್ಕೆ ಜೋಡಣೆಯಾಗುವ ಹೆಚ್ಚಿನ ರಿಸೆಪ್ಟರ್‌ಗಳ ಕೆಲಸ ನಡೆಯುತ್ತದೆ. ಹಣ ಒಂದಕ್ಕೇ ಸಾಲುವುದಾದರೆ ಒಳ್ಳೆಯ ದರ್ಜೆಯ ಡಿಡಿಎಂ ಕೊಳ್ಳಿ. ಎಲ್‌ಎಂಎನ್‌ಜಿ ಕೊಂಡು ಡಿಡಿಎಂನಲ್ಲಿ ಅಗ್ಗದ್ದನ್ನು ಹುಡುಕುವುದು ತಲೆಕೆಳಗಿನ ಲೆಕ್ಕ.

ಉದಾಹರಣೆಗೆ ಇಲ್ಲಿ ಎಂ2 ಮಸ್ಕರಿನಿಕ್ ರಿಸೆಪ್ಟರನ್ನು ಇಟ್ಟುಕೊಂಡಿದ್ದೇವೆ. ಮನುಷ್ಯರಲ್ಲಿ ಇದು 466 ಅಮೈನೋ ಆಮ್ಲಗಳ ಪ್ರೋಟೀನ್; ಹೃದಯದ ಬಡಿತವನ್ನು ನಿಧಾನಗೊಳಿಸುವ ಅಸಿಟೈಲ್‌ಕೋಲಿನ್‌ನ ಸಂದೇಶವನ್ನು ಕೋಶದೊಳಕ್ಕೆ ದಾಟಿಸುತ್ತದೆ. ಅಡಿಕೆಯ ನಾಡಿಗೆ ಇದು ದೂರದ ವಿಷಯವಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಮಸ್ಕರಿನಿಕ್ ರಿಸೆಪ್ಟರ್‌ಗಳನ್ನೇ ಚಾಲೂ ಮಾಡುತ್ತದೆ. ಕವಳ ಹಾಕಿದಾಗ ಬಾಯಲ್ಲಿ ನೀರೂರುವುದರಲ್ಲಿ ಅದರ ಪಾಲೂ ಇದೆ. ಅರೆಕೋಲಿನ್ ಹೇಗೆ ಅಂಟುತ್ತದೆಂದು ನೋಡಬೇಕಾದರೆ ಮೊದಲು ಜೀವಂತ ಸ್ಥಿತಿಯ ರಿಸೆಪ್ಟರ್ ಕೈಯಲ್ಲಿರಬೇಕು. ಪೊರೆಯಿಂದ ಹೊರಬಂದ ಕೂಡಲೇ ಅದು ಕೆಡಲು ಶುರುವಾಗುತ್ತದೆ, ತೊಡಕೆಲ್ಲ ಅಲ್ಲಿಯದು.

ಕಾರಣ ಸರಳ. ರಿಸೆಪ್ಟರ್ ಪೊರೆಯನ್ನು ಏಳು ಸಲ ದಾಟುತ್ತದೆ. ದಾಟುವ ಭಾಗದ ಹೊರಮೈ ಪೂರ್ತಿ ಕೊಬ್ಬನ್ನು ಬಯಸುವಂಥದ್ದು. ನೀರಿಗೆ ಬಂದರೆ ಆ ಅಂಟುಮೈಗಳು ಒಂದಕ್ಕೊಂದು ಹತ್ತಿಕೊಂಡು ಗಂಟಾಗುತ್ತವೆ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ, ಕತ್ತಿಗೆ ಎಣ್ಣೆ ಸವರಿಕೊಂಡರೆ ಮೇಣ ಹತ್ತುವುದಿಲ್ಲವಲ್ಲ, ಡಿಟರ್ಜೆಂಟಿನ ಕೆಲಸವೂ ಅದೇ: ಅಂಟುವ ಮೈಗೆ ಒಂದು ಹೊದಿಕೆ. ಹೊದಿಕೆ ತೆಳುವಾದರೆ ಗಂಟು, ಒರಟಾದರೆ ಪ್ರೋಟೀನಿನ ಮಡಿಕೆಯೇ ಬಿಚ್ಚುತ್ತದೆ.

ಡಿಟರ್ಜೆಂಟಿಗೆ ಹೋಗುವ ಮುನ್ನ ಕಚ್ಚಾಮಾಲಿನ ಬಗ್ಗೆ ಎರಡು ಮಾತು. ರಿಸೆಪ್ಟರನ್ನು ತಯಾರಿಸಲು ಇಲ್ಲಿ ಬಳಸುವುದು ಎಸ್‌ಎಫ್9 ಕೀಟಕೋಶ ಮತ್ತು ರಿಸೆಪ್ಟರಿನ ವಂಶವಾಹಿಯನ್ನು ಅದರೊಳಗೆ ಒಯ್ಯುವ ಬ್ಯಾಕ್ಯುಲೋವೈರಸ್ ಎಂಬ ಕೀಟಗಳ ವೈರಸ್. ಎಸ್‌ಎಫ್9 ಬಂದಿರುವುದು ಫಾಲ್ ಸೈನಿಕ ಹುಳುವಿನ ಅಂಡಾಶಯದ ಕೋಶಗಳಿಂದ. ಈ ಹುಳು ಭಾರತದಲ್ಲಿ ಮೊದಲು ವರದಿಯಾದದ್ದು 2018ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದ ಹೊಲಗಳಲ್ಲಿ. ಹೊಲದಲ್ಲಿ ಸುಳಿ ತಿಂದು ಹಾಳುಮಾಡುವ ಜಾತಿಯ ಕೋಶಗಳು ಲ್ಯಾಬಿನಲ್ಲಿ ಮನುಷ್ಯನ ರಿಸೆಪ್ಟರನ್ನು ಚೆನ್ನಾಗಿ ಮಡಿಚಿಕೊಡುತ್ತವೆ. ಇವಕ್ಕೆ 27 ಡಿಗ್ರಿ ಬೇಕು, ಕಾರ್ಬನ್ ಡೈಆಕ್ಸೈಡ್ ಬೇಡ. ಮಳೆಗಾಲದಲ್ಲಿ ಇಲ್ಲಿನ ಕೋಣೆಯ ತಾಪ ಅದಕ್ಕಿಂತ ಕೆಳಗೇ ಇರುವುದರಿಂದ ಬಿಸಿಮಾಡುವ ಶೇಕರ್ ಸಾಕು. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ತಂಪುಮಾಡುವ ಶೇಕರ್ ಬೇಕೇಬೇಕು. 30 ಡಿಗ್ರಿ ದಾಟಿದರೆ ಕೋಶಗಳು ಸೊರಗುತ್ತವೆ.

2 ಲೀಟರ್ ಫ್ಲಾಸ್ಕಿನಲ್ಲಿ 500ರಿಂದ 600 ಮಿಲಿಗಿಂತ ಹೆಚ್ಚು ತುಂಬಬೇಡಿ, ಶೇಕರ್ ನಿಮಿಷಕ್ಕೆ 120ರಿಂದ 130 ಸುತ್ತು. ಮಿಲಿಗೆ 30ರಿಂದ 40 ಲಕ್ಷ ಕೋಶಗಳಾದಾಗ ವೈರಸ್ ಹಾಕಿ, ಜೊತೆಗೆ ರಿಸೆಪ್ಟರಿಗೆ ಅಂಟಿ ಅದನ್ನು ಹಿಡಿದು ನಿಲ್ಲಿಸುವ ಅಟ್ರೊಪಿನ್ ಔಷಧ, 10 ಮೈಕ್ರೋಮೋಲಾರ್. 48 ಗಂಟೆಯ ಆಸುಪಾಸಿನಲ್ಲಿ ಕೋಶ ಒಟ್ಟುಮಾಡಿ. 72 ಗಂಟೆಯವರೆಗೆ ಬಿಟ್ಟರೆ ಸಾಯುವ ಕೋಶಗಳಿಂದ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಹೊರಬರುತ್ತವೆ. ಲೀಟರಿಗೆ ಸುಮಾರು 10 ಗ್ರಾಂ ಒದ್ದೆ ಕೋಶ ಸಿಗುತ್ತದೆ. ಮರ ಬಿದ್ದು ಕರೆಂಟ್ ಹೋಗುವ ಊರಿನಲ್ಲಿ ಶೇಕರ್‌ಗೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ವೈರಸ್ ತಗುಲಿದ ದಟ್ಟ ಕೋಶಗಳು ಆಮ್ಲಜನಕವನ್ನು ಬೇಗ ಮುಗಿಸುತ್ತವೆ, ಅರ್ಧ ಗಂಟೆ ನಿಂತರೂ ಇಳುವರಿಯಲ್ಲಿ ಕಾಣಿಸುತ್ತದೆ. ವಂಶವಾಹಿ ಮಾರ್ಪಾಡಿನ ಕೆಲಸವಾದ್ದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಮೊದಲೇ ಪಡೆದಿರಬೇಕು.

ಅರೆಕೋಲಿನ್ ಇರುವಾಗ ಅಟ್ರೊಪಿನ್ ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಅರೆಕೋಲಿನ್‌ನ ಹಿಡಿತ ಮೈಕ್ರೋಮೋಲಾರ್ ಮಟ್ಟದ್ದು, ಸಡಿಲ. ಅಟ್ರೊಪಿನ್ ನ್ಯಾನೋಮೋಲಾರ್ ಮಟ್ಟದಲ್ಲಿ ಬಿಗಿಯಾಗಿ ಕೂರುತ್ತದೆ, ಮಡಿಕೆಯನ್ನು ಒಳಗಿನಿಂದ ಹಿಡಿದುಕೊಳ್ಳುತ್ತದೆ. ಶುದ್ಧೀಕರಣದುದ್ದಕ್ಕೂ ಪ್ರತಿ ಬಫರಿನಲ್ಲೂ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಅದಿರಲಿ. ಅರೆಕೋಲಿನ್ ಪರೀಕ್ಷೆಗೆ ಬೇಕಾದ ಪಾಲನ್ನು ಮಾತ್ರ ಕೊನೆಯಲ್ಲಿ, ಪ್ರೋಟೀನ್ ಕಾಲಮ್ ಮೇಲಿರುವಾಗಲೇ, ಅಟ್ರೊಪಿನ್ ಇಲ್ಲದ ಬಫರಿನಿಂದ ನಿಧಾನವಾಗಿ, ಧಾರಾಳವಾಗಿ ತೊಳೆಯಿರಿ.

ಈಗ ಡಿಡಿಎಂ. ಪೂರ್ತಿ ಹೆಸರು ಡೋಡೆಸೈಲ್ ಮಾಲ್ಟೊಸೈಡ್. 12 ಇಂಗಾಲದ ಒಂದು ಬಾಲ, ಮಾಲ್ಟೋಸ್ ಸಕ್ಕರೆಯ ಒಂದು ತಲೆ, ಅಣುತೂಕ 510.6. ನೀರಿನಲ್ಲಿ ಸುಮಾರು 0.17 ಮಿಲಿಮೋಲಾರ್, ಅಂದರೆ 0.0087% ದಾಟಿದರೆ ಅಣುಗಳು ಗುಂಪುಗೂಡಿ ಮೈಸೆಲ್ ಆಗುತ್ತವೆ. ಪೊರೆಯನ್ನು ಸಾಕಷ್ಟು ವೇಗವಾಗಿ ಕರಗಿಸುತ್ತದೆ, ಪ್ರೋಟೀನನ್ನು ಅಷ್ಟಾಗಿ ನೋಯಿಸುವುದಿಲ್ಲ, 280 ನ್ಯಾನೋಮೀಟರಿನಲ್ಲಿ ಬೆಳಕು ಹೀರುವುದಿಲ್ಲ. ಈ ಮೂರು ಗುಣವೂ ಒಟ್ಟಿಗಿರುವ ಡಿಟರ್ಜೆಂಟ್‌ಗಳು ಕಡಿಮೆ. ಟ್ರೈಟಾನ್ ಎಕ್ಸ್-100 ಎಲ್ಲ ಲ್ಯಾಬಿನಲ್ಲೂ ಇದೆ, ಅಗ್ಗ ಕೂಡ. ಆದರೆ ಅದರ ಉಂಗುರ 280ರಲ್ಲೇ ಬೆಳಕು ಹೀರಿ ಪ್ರೋಟೀನಿನ ಅಳತೆಯನ್ನು ಮುಚ್ಚಿಹಾಕುತ್ತದೆ. ಆಕ್ಟೈಲ್ ಗ್ಲೂಕೊಸೈಡ್ ತೊಳೆದುಹಾಕಲು ಸುಲಭ, ಆದರೆ ಅದರ ಬಾಲ ಗಿಡ್ಡ. ಎಂ2 ಥರದ ನಾಜೂಕು ರಿಸೆಪ್ಟರ್‌ಗೆ ಅದು ಒರಟು.

ಡಿಡಿಎಂ ಕೊಳ್ಳುವಾಗ ನೋಡಬೇಕಾದದ್ದು ಬೆಲೆಯ ಪಟ್ಟಿಯನ್ನಲ್ಲ, ಆ ತಯಾರಿಕಾ ಗುಂಪಿನ ವಿಶ್ಲೇಷಣಾ ಪತ್ರವನ್ನು. ಬೇಕಾದದ್ದು ಬೀಟಾ ರೂಪ. ಆಲ್ಫಾ ರೂಪ ಅದರೊಳಗೆ ಬೆರೆತಿರುತ್ತದೆ. ಎಷ್ಟು ಶೇಕಡಾ ಎಂದು ಪತ್ರದಲ್ಲಿ ಬರೆದಿರಬೇಕು. ಬರೆಯದ ಬಾಟಲಿಯನ್ನು ಅಂತಿಮ ಹಂತಕ್ಕೆ ಬಳಸಬೇಡಿ. ಅನಾಟ್ರೇಸ್ ಕಂಪನಿ ಇದನ್ನು ಎರಡು ದರ್ಜೆಗಳಲ್ಲಿ ಮಾರುತ್ತದೆ: ಕರಗಿಸುವ ಹಂತಕ್ಕೆ ಸೋಲ್‌ಗ್ರೇಡ್, ಮುಂದಿನ ಹಂತಗಳಿಗೆ ಹೆಚ್ಚು ಶುದ್ಧವಾದ ಅನಾಗ್ರೇಡ್. ಈ ವಿಂಗಡಣೆ ಅರ್ಥವುಳ್ಳದ್ದು. ಕರಗಿಸುವಾಗ ಗ್ರಾಂಗಟ್ಟಲೆ ಹೋಗುತ್ತದೆ, ಅಲ್ಲಿ ಸೋಲ್‌ಗ್ರೇಡ್ ನಡೆಯುತ್ತದೆ. ಆದರೆ ವರ್ಷಕ್ಕೆ ಐದಾರು ಸಲ ಮಾತ್ರ ಶುದ್ಧೀಕರಣ ಮಾಡುವ ಸಣ್ಣ ಲ್ಯಾಬು ಎರಡು ದರ್ಜೆ ಇಟ್ಟುಕೊಂಡು ಗೊಂದಲ ಮಾಡಿಕೊಳ್ಳುವುದಕ್ಕಿಂತ ಒಂದೇ ಅನಾಗ್ರೇಡ್ ಇಟ್ಟುಕೊಳ್ಳುವುದು ಮೇಲು. ಬಾಟಲಿ ಬಂದ ದಿನವೇ ಒಂದು ಚಿಟಿಕೆಯಿಂದ 10% ದ್ರಾವಣ ಮಾಡಿ ನೋಡಿ. ಕೋಣೆಯ ತಾಪದಲ್ಲಿ ಅದು ತಿಳಿನೀರಿನ ಹಾಗಿರಬೇಕು, 280ರಲ್ಲಿ ಹೀರಿಕೆ ನೀರಿನ ಹತ್ತಿರವೇ ಇರಬೇಕು. ಮಂಕಾಗಿದ್ದರೆ ಕರಗದ ಡೋಡೆಕನಾಲ್ ಉಳಿದಿರಬಹುದು; ಆ ಬಾಟಲಿಯನ್ನು ಹಿಂದಿರುಗಿಸಿ.

ಇಡುವ ಕ್ರಮಕ್ಕೆ ಮಲೆನಾಡಿನಲ್ಲಿ ಬೇರೆಯೇ ಶ್ರದ್ಧೆ ಬೇಕು. ಆಷಾಢದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಡಿಡಿಎಂ ಕೂಡ ಹಾಗೇ ತೇವ ಎಳೆದುಕೊಳ್ಳುವ ಪುಡಿ. ಮೈನಸ್ 20ರ ಫ್ರೀಜರ್‌ನಿಂದ ತೆಗೆದ ತಣ್ಣನೆಯ ಬಾಟಲಿಯ ಮುಚ್ಚಳವನ್ನು ಅಲ್ಲೇ ತಿರುವಿದರೆ ಕೋಣೆಯ ಗಾಳಿಯ ನೀರು ಪುಡಿಯ ಮೇಲೆ ಇಬ್ಬನಿಯಾಗಿ ಕೂರುತ್ತದೆ. ನಾಲ್ಕು ಸಲ ಹಾಗಾದರೆ ಪುಡಿ ಗಂಟುಕಟ್ಟುತ್ತದೆ. ಆಮೇಲೆ 1 ಗ್ರಾಂ ಎಂದು ತೂಗಿದ್ದರಲ್ಲಿ ಡಿಡಿಎಂ ಎಷ್ಟು, ನೀರೆಷ್ಟು ಎಂದು ಹೇಳುವವರಿಲ್ಲ. 1% ಎಂದುಕೊಂಡ ಬಫರಿನಲ್ಲಿ ನಿಜವಾಗಿ ಕಡಿಮೆ ಇರುತ್ತದೆ, ಪೊರೆ ಅರ್ಧ ಕರಗುತ್ತದೆ, ತಪ್ಪು ವೈರಸ್ಸಿನ ತಲೆಗೆ ಬರುತ್ತದೆ.

ಪರಿಹಾರ ಹೀಗಿದೆ. ಬಾಟಲಿಯನ್ನು ಫ್ರೀಜರ್‌ನಿಂದ ತೆಗೆದು ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನೊಳಗೆ, ಮುಚ್ಚಳ ತೆರೆಯದೆ, ಒಂದರಿಂದ ಎರಡು ಗಂಟೆ ಇಡಿ. ಗಾಜು ಕೈಗೆ ತಣ್ಣಗೆ ಹತ್ತದಿದ್ದಾಗ ಮಾತ್ರ ತೆರೆಯಿರಿ. ಇನ್ನೂ ಒಳ್ಳೆಯ ದಾರಿ, ಹೊಸ ಬಾಟಲಿಯನ್ನು ಒಂದೇ ದಿನ, ಆದರೆ ಬಿಸಿಲಿನ ದಿನ, 1 ಗ್ರಾಂ ಲೆಕ್ಕದಲ್ಲಿ ತಿರುಪಿನ ಮುಚ್ಚಳದ ಸಣ್ಣ ಕೊಳವೆಗಳಿಗೆ ತೂಗಿಹಾಕಿ, ಸಿಲಿಕಾ ಇರುವ ಡಬ್ಬಿಯಲ್ಲಿ ಮುಚ್ಚಿ ಮೈನಸ್ 20ಕ್ಕೆ ಹಾಕುವುದು. ಫೆಬ್ರುವರಿಯಲ್ಲಿ ಮಾಡಿಟ್ಟರೆ ಮಳೆಗಾಲವಿಡೀ ತಕ್ಕಡಿಯ ಹತ್ತಿರ ಹೋಗುವ ಕೆಲಸವಿಲ್ಲ. ನೀಲಿ ಸಿಲಿಕಾ ಗುಲಾಬಿಯಾದರೆ 120 ಡಿಗ್ರಿ ಓವನ್ನಿನಲ್ಲಿ ಎರಡು ಮೂರು ಗಂಟೆ ಹುರಿದು ನೀಲಿಯಾಗಿಸಿಕೊಳ್ಳಿ. ಜುಲೈನಲ್ಲಿ ವಾರಕ್ಕೊಮ್ಮೆ ಈ ಕೆಲಸ ಇದ್ದೇ ಇದೆ. ಬೆಂಗಳೂರಿನಿಂದ ಪಾರ್ಸೆಲ್ ಬರುವಾಗ ಡಿಡಿಎಂಗೆ ಐಸ್ ಇಲ್ಲದಿದ್ದರೂ ಚಿಂತೆಯಿಲ್ಲ. ಒಣಗಿದ ಪುಡಿಗೆ ಎರಡು ದಿನದ ಕೋಣೆಯ ತಾಪ ಏನೂ ಮಾಡದು, ಒದ್ದೆ ಪೆಟ್ಟಿಗೆ ಮಾಡುತ್ತದೆ. ಐಸಿಗೆ ಕೊಡುವ ಹಣವನ್ನು ಮುಚ್ಚಿ ಸೀಲ್ ಮಾಡಿದ ಎರಡನೇ ಚೀಲಕ್ಕೆ ಕೊಡಿ ಎಂದು ಮಾರಾಟಗಾರರಿಗೆ ಹೇಳಬೇಕು. ಫ್ಲ್ಯಾಗ್ ರೆಸಿನ್ (ಪ್ರೋಟೀನಿಗೆ ಸೇರಿಸಿದ ಫ್ಲ್ಯಾಗ್ ಎಂಬ ಗುರುತಿನ ತುಣುಕನ್ನು ಹಿಡಿಯುವ ಮಣಿಗಳು) ಮತ್ತು ಕಾಂಪಿಟೆಂಟ್ ಕೋಶಗಳ (ಡಿಎನ್‌ಎ ಒಳಗೆಳೆದುಕೊಳ್ಳಲು ಸಿದ್ಧಮಾಡಿದ ಬ್ಯಾಕ್ಟೀರಿಯಾ) ಮಾತು ಬೇರೆ, ಅವಕ್ಕೆ ತಂಪಿನ ಸಾಗಣೆ ಬೇಕೇಬೇಕು.

ಸಿಎಚ್‌ಎಸ್ ಅಂದರೆ ಕೊಲೆಸ್ಟರೈಲ್ ಹೆಮಿಸಕ್ಸಿನೇಟ್. ಈ ಮೂರರಲ್ಲಿ ಜನ ಕಡೆಗಣಿಸುವ ಬಾಟಲಿ ಇದೇ, ನಮ್ಮ ಮತದಲ್ಲಿ ಹಾಕಿದ ರೂಪಾಯಿಗೆ ಅತಿ ಹೆಚ್ಚು ವಾಪಸು ಕೊಡುವುದೂ ಇದೇ. ಮನುಷ್ಯನ ಕೋಶಪೊರೆಯಲ್ಲಿ ಕೊಲೆಸ್ಟ್ರಾಲ್ ಧಾರಾಳ. ಅನೇಕ ರಿಸೆಪ್ಟರ್‌ಗಳು ಅದಕ್ಕೆ ಒರಗಿಕೊಂಡೇ ನಿಂತಿರುತ್ತವೆ. ಕೀಟಕೋಶದ ಪೊರೆಯಲ್ಲಿ ಅದು ತೀರಾ ಕಡಿಮೆ, ಡಿಡಿಎಂ ಬಂದು ಇದ್ದದ್ದನ್ನೂ ಎಳೆದುಕೊಳ್ಳುತ್ತದೆ. ಕೊಲೆಸ್ಟ್ರಾಲನ್ನೇ ನೇರವಾಗಿ ಹಾಕೋಣವೆಂದರೆ ಅದು ಕರಗುವುದೇ ಇಲ್ಲ. ಸಿಎಚ್‌ಎಸ್‌ಗೆ ಆಮ್ಲದ ಒಂದು ಬಾಲವಿರುವುದರಿಂದ ಡಿಡಿಎಂ ಮೈಸೆಲ್ಲಿನೊಳಗೆ ಹೊಕ್ಕು ಕೂರುತ್ತದೆ.

ದೂರು ಬರುವುದೆಲ್ಲ ಅದನ್ನು ಕರಗಿಸುವ ಬಗ್ಗೆಯೇ. ಪುಡಿಯನ್ನು ನೇರ ಬಫರಿಗೆ ಉದುರಿಸಿದರೆ ಮೊಸರು ಒಡೆದ ಹಾಗೆ ತೇಲುತ್ತಿರುತ್ತದೆ, ಎಷ್ಟು ಕಲಕಿದರೂ ಅಷ್ಟೇ. ಮಾಡಬೇಕಾದ ಕ್ರಮ: 200 ಮಿಲಿಮೋಲಾರ್ ಟ್ರಿಸ್, ಪಿಎಚ್ 8.0, 8 ಮಿಲಿ ತೆಗೆದುಕೊಂಡು 1 ಗ್ರಾಂ ಡಿಡಿಎಂ ಪೂರ್ತಿ ಕರಗಿಸಿ. ಅದು ತಿಳಿಯಾದ ಮೇಲೆ 200 ಮಿಲಿಗ್ರಾಂ ಸಿಎಚ್‌ಎಸ್ ಹಾಕಿ. ತುದಿ ಸಾನಿಕೇಟರಿನಿಂದ, ಕೊಳವೆಯನ್ನು ಐಸಿನಲ್ಲಿಟ್ಟು, ಕೆಲವು ಸೆಕೆಂಡು ಓಡಿಸಿ ಕೆಲವು ಸೆಕೆಂಡು ಬಿಟ್ಟು, ಬಿಳಿ ಹಾಲಿನಂತಿರುವುದು ಅಕ್ಕಿ ಗಂಜಿತಿಳಿಯಷ್ಟು ತೆಳುವಾಗುವ ತನಕ ನಡೆಸಿ. ತುದಿ ದ್ರಾವಣದೊಳಗೆ ಮುಳುಗಿರಲಿ, ಮೇಲೆ ಬಂದರೆ ಎಲ್ಲವೂ ನೊರೆಯಾಗುತ್ತದೆ. ಆಮೇಲೆ 10 ಮಿಲಿಗೆ ಏರಿಸಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ತಿರುಗಲು ಬಿಡಿ. ಬೆಳಿಗ್ಗೆ ಅದು ಅರೆಪಾರದರ್ಶಕವಾಗಿರುತ್ತದೆ. ಇದೇ 10% ಡಿಡಿಎಂ, 2% ಸಿಎಚ್‌ಎಸ್ ಸ್ಟಾಕ್. ಪಾಲುಮಾಡಿ ಮೈನಸ್ 20ಕ್ಕೆ ಹಾಕಿ, ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಡಿ.

ಪಿಎಚ್ 8 ಏಕೆಂದರೆ, 7ಕ್ಕಿಂತ ಕೆಳಗೆ ಹೋದಂತೆ ಸಿಎಚ್‌ಎಸ್‌ನ ಆಮ್ಲದ ತುದಿ ಪ್ರೋಟಾನ್ ಹಿಡಿದು ವಿದ್ಯುದಂಶ ಕಳೆದುಕೊಳ್ಳುತ್ತದೆ, ಆಗ ಹೊರಬೀಳುತ್ತದೆ. ಸಿಟ್ರೇಟ್ ಬಫರಿನಲ್ಲಿ ಪಿಎಚ್ 6ಕ್ಕೆ ಇಳಿಸುವ ಯೋಜನೆಯಿದ್ದರೆ ಸಿಎಚ್‌ಎಸ್ ಬಿಡಬೇಕಾಗುತ್ತದೆ. ಟ್ರಿಸ್ ಲವಣದ ರೂಪದಲ್ಲೂ ಸಿಎಚ್‌ಎಸ್ ಸಿಗುತ್ತದೆ. ಅದು ಸ್ವಲ್ಪ ಸುಲಭವಾಗಿ ಕರಗುತ್ತದೆ, ಆದರೆ ಅಣುತೂಕ 486.7ರ ಬದಲು 607.9. ಮೋಲಾರ್ ಲೆಕ್ಕ ಮಾಡುವವರು ಬಾಟಲಿಯ ಚೀಟಿ ನೋಡದೆ ತೂಗಬಾರದು.

ಕರಗಿಸುವ ಹಂತ. 1 ಲೀಟರಿನ ಕೋಶಗಳನ್ನು ಮೊದಲು ಉಪ್ಪಿಲ್ಲದ ಬಫರಿನಲ್ಲಿ (10 ಮಿಲಿಮೋಲಾರ್ ಟ್ರಿಸ್ ಪಿಎಚ್ 7.5, 1 ಮಿಲಿಮೋಲಾರ್ ಇಡಿಟಿಎ) 4 ಡಿಗ್ರಿಯಲ್ಲಿ 20 ನಿಮಿಷ ಕಲಕಿ ಒಡೆಯಿರಿ. ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯಲು ಲ್ಯೂಪೆಪ್ಟಿನ್ ಮಿಲಿಗೆ 2.5 ಮೈಕ್ರೋಗ್ರಾಂ, ಬೆಂಜಮಿಡಿನ್ 160 ಮೈಕ್ರೋಗ್ರಾಂ. ಅಂಥದೇ ತಡೆಮದ್ದಾದ ಪಿಎಂಎಸ್‌ಎಫ್ ಬಳಸುವುದಾದರೆ ಆ ಗಳಿಗೆಯಲ್ಲೇ ಹಾಕಿ, ಪಿಎಚ್ 7.5ರ ನೀರಿನಲ್ಲಿ 25 ಡಿಗ್ರಿಗೆ ಸುಮಾರು ಒಂದು ಗಂಟೆಯೊಳಗೆ ಅರ್ಧ ಸತ್ತುಹೋಗುತ್ತದೆ, ಹಿಂದಿನ ದಿನ ಬೆರೆಸಿಟ್ಟ ಬಫರಿನಲ್ಲಿ ಅದು ಹೆಸರಿಗೆ ಮಾತ್ರ. ಪೊರೆಗಳನ್ನು ಸೆಂಟ್ರಿಫ್ಯೂಜ್ ಮಾಡಿ ಕೂರಿಸಿ, ಬಿಸಿಎ ವಿಧಾನದಲ್ಲಿ ಪ್ರೋಟೀನ್ ಅಳೆಯಿರಿ. ಬ್ರಾಡ್‌ಫರ್ಡ್ ಬೇಡ, ಡಿಟರ್ಜೆಂಟ್ ಅದರ ಬಣ್ಣವನ್ನು ಕೆಡಿಸುತ್ತದೆ.

ಆಮೇಲೆ ಕರಗಿಸುವ ಬಫರ್: 20 ಮಿಲಿಮೋಲಾರ್ ಹೆಪಿಸ್ ಪಿಎಚ್ 7.5, 500 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 20% ಗ್ಲಿಸರಾಲ್, 1% ಡಿಡಿಎಂ, 0.2% ಸಿಎಚ್‌ಎಸ್, ಅಟ್ರೊಪಿನ್. ಮಿಲಿಗೆ 1ರಿಂದ 2 ಮಿಲಿಗ್ರಾಂ ಅಯೊಡೊಅಸೆಟಮೈಡ್ ಹಾಕಿದರೆ ಹೊರಗಿನ ಸಿಸ್ಟೀನ್‌ಗಳು ಮುಚ್ಚಿಕೊಳ್ಳುತ್ತವೆ, ಮುಂದೆ ಡೈಸಲ್ಫೈಡ್ ಗಂಟು ಬೀಳುವುದಿಲ್ಲ. ಒಟ್ಟು 100 ಮಿಲಿ. ಪೊರೆಯ ಪ್ರೋಟೀನ್ ಮಿಲಿಗೆ 2ರಿಂದ 5 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳಿ. ಡೌನ್ಸ್ ಕುಟ್ಟಾಣಿಯಲ್ಲಿ 20ರಿಂದ 30 ಸಲ ಮೇಲೆ ಕೆಳಗೆ ಮಾಡಿ, 4 ಡಿಗ್ರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ ತಿರುಗಿಸಿ. ಡಿಡಿಎಂ ಶೇಕಡಾವಾರು ಮಾತ್ರ ನೋಡಿ ಪೊರೆಯ ಪ್ರಮಾಣ ಮರೆಯುವುದು ದೊಡ್ಡ ತಪ್ಪು. ಎರಡು ಲೀಟರಿನ ಕೋಶಕ್ಕೆ ಅದೇ 100 ಮಿಲಿ ಹಾಕಿದರೆ 1% ಇದ್ದೂ ಸಾಲುವುದಿಲ್ಲ, ಏಕೆಂದರೆ ಕೊಬ್ಬು ಹೆಚ್ಚು, ಹೊದಿಕೆ ಕಡಿಮೆ.

ಕರಗಿತೇ ಇಲ್ಲವೇ ಎಂದು ಹೇಳುವ ಒಪ್ಪಿತ ಅಳತೆ, 1,00,000 ಜಿ ಬಲದಲ್ಲಿ ಒಂದು ಗಂಟೆ ಓಡಿಸಿದ ಮೇಲೂ ಮೇಲಿನ ದ್ರವದಲ್ಲೇ ಉಳಿಯುವುದು. ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲದ ಕಡೆ 40,000 ಜಿಯಲ್ಲಿ 45 ನಿಮಿಷ ಓಡಿಸಿ, 0.45 ಮೈಕ್ರಾನ್ ಶೋಧಕದಲ್ಲಿ ಹಾಯಿಸಿ ಕಾಲಮ್‌ಗೆ ಹಾಕಬಹುದು, ಕಾಲಮ್ ಕಟ್ಟಿಕೊಳ್ಳುವುದಿಲ್ಲ. ಆದರೆ ಅದರಿಂದ ‘ಕರಗಿದೆ’ ಎಂದು ಬರೆಯುವಂತಿಲ್ಲ. ಸಣ್ಣ ಪೊರೆತುಣುಕುಗಳೂ ಆ ಬಲದಲ್ಲಿ ತೇಲುತ್ತಿರುತ್ತವೆ.

ಹಿಡಿಯುವ ರೆಸಿನ್‌ನಲ್ಲಿ ನಿಕ್ಕಲ್ ಅಗ್ಗ, ಫ್ಲ್ಯಾಗ್ ಚೊಕ್ಕ. ಎಂ1 ಫ್ಲ್ಯಾಗ್ ಪ್ರತಿಕಾಯ ಕ್ಯಾಲ್ಸಿಯಂ ಇದ್ದರೆ ಹಿಡಿಯುತ್ತದೆ, ತೆಗೆದರೆ ಬಿಡುತ್ತದೆ, ಆ ಗುರುತಿನ ತುಣುಕು (ಟ್ಯಾಗ್) ಪ್ರೋಟೀನಿನ ಮುಂದಿನ ತುಟ್ಟತುದಿಯಲ್ಲೇ ಇರಬೇಕು. ಅದಕ್ಕಾಗಿ ಸಂಕೇತ ಪೆಪ್ಟೈಡ್ ಕತ್ತರಿಸಿ ಹೋದ ಜಾಗದಲ್ಲೇ ಫ್ಲ್ಯಾಗ್ ಶುರುವಾಗುವಂತೆ ವಂಶವಾಹಿಯನ್ನು ಕಟ್ಟಿರಬೇಕು. 2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಹತ್ತಿಸಿ, 5 ಮಿಲಿಮೋಲಾರ್ ಇಡಿಟಿಎ ಮತ್ತು ಮಿಲಿಗೆ 0.2 ಮಿಲಿಗ್ರಾಂ ಫ್ಲ್ಯಾಗ್ ಪೆಪ್ಟೈಡಿನಿಂದ ಬಿಡಿಸಿ. ಇಡಿಟಿಎ ಕ್ಯಾಲ್ಸಿಯಂ ಹಿಡಿದಿಡುವುದರಿಂದ, ಕೋಶ ಒಡೆದ ಬಫರಿನದು ಉಳಿದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕ್ಯಾಲ್ಸಿಯಂ ಹಾಕಬೇಕು. ಫಾಸ್ಫೇಟ್ ಬಫರಿಗೆ ಕ್ಯಾಲ್ಸಿಯಂ ಹಾಕಬಾರದು, ಕ್ಯಾಲ್ಸಿಯಂ ಫಾಸ್ಫೇಟ್ ಸುಣ್ಣದ ಹಾಗೆ ಕೆಳಗೆ ಕೂರುತ್ತದೆ, ಕಾಲಮ್ ಕಟ್ಟುತ್ತದೆ.

ಎಲ್‌ಎಂಎನ್‌ಜಿಯ ಪಾತ್ರ ಇಲ್ಲಿಂದ. ಲಾರಿಲ್ ಮಾಲ್ಟೋಸ್ ನಿಯೋಪೆಂಟೈಲ್ ಗ್ಲೈಕಾಲ್. ಅನಾಟ್ರೇಸ್‌ನ ಪಟ್ಟಿಯಲ್ಲಿ ಎನ್‌ಜಿ310. 2010ರಲ್ಲಿ ಮೊದಲು ಪ್ರಕಟವಾಯಿತು. ಇದರ ರಚನೆ ಎರಡು ಡಿಡಿಎಂಗಳನ್ನು ಬೆನ್ನಿಗೆ ಬೆನ್ನು ಕಟ್ಟಿದ ಹಾಗೆ: ಎರಡು ಬಾಲ, ಎರಡು ಮಾಲ್ಟೋಸ್ ತಲೆ, ಅಣುತೂಕ 1005. ಮೈಸೆಲ್ ಆಗುವ ಮಿತಿ ಸುಮಾರು 0.01 ಮಿಲಿಮೋಲಾರ್, ಅಂದರೆ 0.001%, ಶೇಕಡಾ ಲೆಕ್ಕದಲ್ಲಿ ಡಿಡಿಎಂಗಿಂತ ಎಂಟು ಒಂಬತ್ತು ಪಟ್ಟು ಕೆಳಗೆ. ಡಿಡಿಎಂ ಅಣುಗಳು ರಿಸೆಪ್ಟರಿನ ಮೈಮೇಲೆ ಬಂದು ಹೋಗುತ್ತಿರುತ್ತವೆ. ಎಲ್‌ಎಂಎನ್‌ಜಿ ಒಮ್ಮೆ ಕೂತರೆ ಸುಲಭಕ್ಕೆ ಏಳುವುದಿಲ್ಲ. ಬಫರಿನಲ್ಲಿ ಅದರ ಪ್ರಮಾಣ ಮಿತಿಗಿಂತ ಕೆಳಗಿಳಿದರೂ ಪ್ರೋಟೀನ್ ಬಹಳ ಹೊತ್ತು ಗಂಟಾಗದೆ ನಿಲ್ಲುತ್ತದೆ.

ಬದಲಾಯಿಸುವುದನ್ನು ಒಂದೇ ಏಟಿಗೆ ಮಾಡಬೇಡಿ. 0.1% ಡಿಡಿಎಂ ಬಫರ್, 0.1% ಎಲ್‌ಎಂಎನ್‌ಜಿ ಬಫರ್ ಎರಡನ್ನೂ ಬೇರೆಬೇರೆ ಮಾಡಿಕೊಂಡು (ಎರಡರಲ್ಲೂ ಅಲ್ಪ ಸಿಎಚ್‌ಎಸ್, 2 ಮಿಲಿಮೋಲಾರ್ ಕ್ಯಾಲ್ಸಿಯಂ ಮತ್ತು ಅಟ್ರೊಪಿನ್) 4 ಮಿಲಿ ರೆಸಿನ್ ಮೇಲೆ ಮೂರು ಪಾಲು ಡಿಡಿಎಂಗೆ ಒಂದು ಪಾಲು ಎಲ್‌ಎಂಎನ್‌ಜಿ, ಆಮೇಲೆ ಸಮಸಮ, ಆಮೇಲೆ ಒಂದಕ್ಕೆ ಮೂರು, ಕೊನೆಗೆ ಪೂರ್ತಿ ಎಲ್‌ಎಂಎನ್‌ಜಿ, ಪ್ರತಿಯೊಂದಕ್ಕೂ 15 ನಿಮಿಷ. ಅಲ್ಲಿಂದ 0.01%ಕ್ಕೆ ಇಳಿಸಿ ತೊಳೆದು, ಅದರಲ್ಲೇ ಬಿಡಿಸಿ.

ದುಬಾರಿ ಎಂಬ ಹೆಸರು ಎಲ್‌ಎಂಎನ್‌ಜಿಗೆ ಅಂಟಿದೆ. ಗ್ರಾಂ ಲೆಕ್ಕದಲ್ಲಿ ಹೌದು. ಒಂದು ಶುದ್ಧೀಕರಣದ ಲೆಕ್ಕ ಹಾಕಿ ನೋಡಿ. ಬದಲಾವಣೆಗೆ 0.1%ದ ಬಫರ್ 60 ಮಿಲಿ, ಅಂದರೆ 60 ಮಿಲಿಗ್ರಾಂ. 0.01%ದಲ್ಲಿ ತೊಳೆಯಲು, ಬಿಡಿಸಲು 60 ಮಿಲಿ, 6 ಮಿಲಿಗ್ರಾಂ. ಗಾತ್ರ ಬೇರ್ಪಡಿಸುವ ಕಾಲಮ್‌ಗೆ 0.002%ದಲ್ಲಿ 500 ಮಿಲಿ, 10 ಮಿಲಿಗ್ರಾಂ. ಒಟ್ಟು 80 ಮಿಲಿಗ್ರಾಂನ ಒಳಗೆ. ಇದೇ ಹಂತಗಳನ್ನು ಡಿಡಿಎಂನಲ್ಲೇ ಮುಗಿಸಿದರೆ ತೊಳೆಯಲು 0.1%ದಲ್ಲಿ 100 ಮಿಲಿ, ಬಿಡಿಸಲು 0.05%ದಲ್ಲಿ 20 ಮಿಲಿ, ಕಾಲಮ್‌ಗೆ 0.03%ದಲ್ಲಿ 500 ಮಿಲಿ, ಒಟ್ಟು 260 ಮಿಲಿಗ್ರಾಂ. ಬೆಲೆಯ ಅಂತರದ ಬಹುಪಾಲು ಅಲ್ಲೇ ಕರಗುತ್ತದೆ. ಎಲ್‌ಎಂಎನ್‌ಜಿಯಲ್ಲೇ ಪೊರೆ ಕರಗಿಸಲು ಹೊರಟರೆ ಮಾತ್ರ 1 ಗ್ರಾಂ ಹೋಗುತ್ತದೆ, ಕರಗುವುದೂ ನಿಧಾನ. ಡಿಡಿಎಂನಲ್ಲಿ ನಿಲ್ಲದ ರಿಸೆಪ್ಟರ್ ಆಗಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಆ ಖರ್ಚು ಬೇಡ.

ಎಲ್‌ಎಂಎನ್‌ಜಿಯ ಕೊರತೆಗಳು ಅದರ ಗುಣದಿಂದಲೇ ಹುಟ್ಟಿದವು. ಬಿಡದೆ ಹಿಡಿಯುವ ಡಿಟರ್ಜೆಂಟನ್ನು ತೆಗೆಯುವುದೂ ಕಷ್ಟ. ರಿಸೆಪ್ಟರನ್ನು ನ್ಯಾನೋಡಿಸ್ಕ್ ಅಥವಾ ಲೈಪೋಸೋಮ್ ಎಂಬ ಕೃತಕ ಪೊರೆಗೆ ಸೇರಿಸುವ ಯೋಜನೆಯಿದ್ದರೆ ಎಲ್‌ಎಂಎನ್‌ಜಿಗೆ ಹೋಗದೆ ಡಿಡಿಎಂನಲ್ಲೇ ಉಳಿಯಿರಿ. ಡಿಟರ್ಜೆಂಟ್ ಹೀರುವ ಬಯೋಬೀಡ್ಸ್ ಮಣಿಗಳನ್ನು ಎಷ್ಟು ಸಲ ಬದಲಿಸಿದರೂ ಎಲ್‌ಎಂಎನ್‌ಜಿ ತಡವಾಗಿ ಬಿಡುತ್ತದೆ. ಡಯಾಲಿಸಿಸ್‌ನಿಂದಂತೂ ಆಗದ ಕೆಲಸ. 5% ಸ್ಟಾಕ್ ಕರಗಿಸುವಾಗ ಪುಡಿ ಅಂಟಿನ ಮುದ್ದೆಯಾಗುತ್ತದೆ, ಬಿಸಿಮಾಡಿ ಅವಸರಿಸದೆ ರಾತ್ರಿಯಿಡೀ ನಿಧಾನವಾಗಿ ಉರುಳಲು ಬಿಟ್ಟರೆ ತಿಳಿಯಾಗುತ್ತದೆ. ಹೆಚ್ಚಾಗಿ ಹಾಕಿದ ಎಲ್‌ಎಂಎನ್‌ಜಿ ಖಾಲಿ ಮೈಸೆಲ್‌ಗಳಾಗಿ ಪ್ರೋಟೀನಿನ ಜೊತೆಗೇ ಸಾಂದ್ರಗೊಳ್ಳುತ್ತದೆ, ಆದ್ದರಿಂದ ಕೊನೆಯ ಕಾಲಮ್ ಬಫರಿನಲ್ಲಿ ಕೈ ಬಿಗಿ ಹಿಡಿಯಿರಿ.

ಡಿಜಿಟೋನಿನ್ ಮೃದು, ಹಳೆಯ ಕಾಲದಿಂದ ನಂಬಿಕಸ್ಥ. ಆದರೆ ಡಿಜಿಟಾಲಿಸ್ ಗಿಡದಿಂದ ತೆಗೆದದ್ದಾದ್ದರಿಂದ ಗುಂಪಿನಿಂದ ಗುಂಪಿಗೆ ಶುದ್ಧತೆ ಬೇರೆ, ಕುದಿಸಿ ಕರಗಿಸಿದರೂ ತಣ್ಣಗಾದ ಮೇಲೆ ಮತ್ತೆ ಕೆಳಗೆ ಕೂರುತ್ತದೆ, ವಿಷ ಕೂಡ; ಪುಡಿ ತೂಗುವಾಗ ಮೂಗು ಬಾಯಿ ಮುಚ್ಚಿರಬೇಕು. ಅದರ ಬದಲಿಗೆ ಕೃತಕವಾಗಿ ಮಾಡಿದ ಜಿಡಿಎನ್ ಇದೆ, ಅದಕ್ಕೆ ಈ ತಂಟೆಗಳಿಲ್ಲ. ಕ್ರಯೋ-ಇಎಂ (ಹೆಪ್ಪುಗಟ್ಟಿಸಿದ ಪ್ರೋಟೀನನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ಮಾಡುವವರು 0.00075% ಎಲ್‌ಎಂಎನ್‌ಜಿ, 0.00025% ಜಿಡಿಎನ್, 0.0001% ಸಿಎಚ್‌ಎಸ್ ಮಿಶ್ರಣ ಬಳಸುತ್ತಾರೆ. ಅಷ್ಟಕ್ಕೆ ಬೇಕಾದದ್ದು ಮಿಲಿಗ್ರಾಂಗಳಲ್ಲಿ. ಅತಿ ಸಣ್ಣ ಬಾಟಲಿಯೇ ಬಹುಕಾಲ ಬರುತ್ತದೆ.

ಯಾವ ಡಿಟರ್ಜೆಂಟ್ ಒಪ್ಪಿತು ಎಂದು ತಿಳಿಯುವ ಜಾಗ ಗಾತ್ರ ಬೇರ್ಪಡಿಸುವ ಕಾಲಮ್. ಸೂಪರ್‌ಡೆಕ್ಸ್ 200 ಇನ್‌ಕ್ರೀಸ್ 10/300ರಲ್ಲಿ ಒಟ್ಟು 24 ಮಿಲಿ, ನಿಮಿಷಕ್ಕೆ ಅರ್ಧ ಮಿಲಿ ಹರಿವು. 8ರಿಂದ 8.5 ಮಿಲಿಯಲ್ಲಿ ಶಿಖರ ಬಂದರೆ ಅದು ಗಂಟಾದ ಪ್ರೋಟೀನ್. ಡಿಟರ್ಜೆಂಟ್ ಹೊದ್ದ ಒಂಟಿ ರಿಸೆಪ್ಟರ್ 12, 13 ಮಿಲಿಯ ಆಸುಪಾಸಿನಲ್ಲಿ, ಎರಡೂ ಬದಿ ಸಮನಾಗಿ ಇಳಿಯುವ ಒಂದೇ ಶಿಖರವಾಗಿ ಬರಬೇಕು. 8ರ ಶಿಖರ ದೊಡ್ಡದಿದ್ದರೆ ಮೊದಲು ಸಿಎಚ್‌ಎಸ್ ಸ್ಟಾಕ್ ನೋಡಿ, ಆಮೇಲೆ ಅಟ್ರೊಪಿನ್ ಯಾವ ಬಫರಿನಲ್ಲಿ ಬಿಟ್ಟುಹೋಯಿತು ನೋಡಿ, ಆಮೇಲೆ ಸಾಂದ್ರಗೊಳಿಸುವ ಹಂತ. ಸಾಂದ್ರಕದಲ್ಲಿ 100 ಕಿಲೋಡಾಲ್ಟನ್ ಜಾಲರಿ ಬಳಸಿ. 45, 50 ಕಿಲೋಡಾಲ್ಟನ್ನಿನ ಪ್ರೋಟೀನ್ ಅದರಲ್ಲಿ ಸೋರಿಹೋಗದೇ ಎಂದರೆ ಇಲ್ಲ; ಸುತ್ತಲಿನ ಡಿಟರ್ಜೆಂಟ್ ಸೇರಿ ಅದು 100 ದಾಟಿರುತ್ತದೆ. 30ರ ಜಾಲರಿ ಹಾಕಿದರೆ ಖಾಲಿ ಮೈಸೆಲ್‌ಗಳೂ ಒಳಗೇ ಉಳಿದು 0.03% ಇದ್ದ ಡಿಡಿಎಂ ಹಲವು ಪಟ್ಟು ಏರುತ್ತದೆ. ಒಂದೇ ಓಟಕ್ಕೆ ಅರ್ಧ ಗಂಟೆ ಬಿಡದೆ ಐದೈದು ನಿಮಿಷಕ್ಕೆ ನಿಲ್ಲಿಸಿ ಮೆಲ್ಲಗೆ ಕಲಕಿ. ಜಾಲರಿಯ ಹತ್ತಿರ ಪ್ರೋಟೀನ್ ದಟ್ಟವಾಗಿ ಗಂಟಾಗುವುದು ಹೀಗೆ ತಪ್ಪುತ್ತದೆ.

ಜೆಲ್‌ಗೆ ಹಾಕುವ ಮಾದರಿಯನ್ನು ಕುದಿಸಬೇಡಿ. ಕುದಿಸಿದ ರಿಸೆಪ್ಟರ್ ಗಂಟಾಗಿ ಬಾವಿಯ ಬಾಯಲ್ಲೇ ಕೂರುತ್ತದೆ, ನೋಡಿದವರಿಗೆ ಪ್ರೋಟೀನೇ ಇಲ್ಲವೆನಿಸುತ್ತದೆ. ಎಸ್‌ಡಿಎಸ್ ಬಫರಿನಲ್ಲಿ ಕೋಣೆಯ ತಾಪದಲ್ಲಿ 20 ನಿಮಿಷ ಸಾಕು. ಎಂ2ವಿನ ಪಟ್ಟಿ ಅಗಲವಾಗಿ ಮಸುಕಾಗಿ ಬರುವುದು ಅದಕ್ಕೆ ಅಂಟಿದ ಸಕ್ಕರೆಗಳಿಂದ. ಪಿಎನ್‌ಜೇಸ್ ಎಫ್ ಕಿಣ್ವ ಹಾಕಿದರೆ ಚೂಪಾಗುತ್ತದೆ. ಲೀಟರಿಗೆ ಅರ್ಧದಿಂದ 2 ಮಿಲಿಗ್ರಾಂ ಶುದ್ಧ ರಿಸೆಪ್ಟರ್ ಸಿಕ್ಕರೆ ಕೆಲಸ ಸರಿಯಾಗಿದೆ.

ಡಿಟರ್ಜೆಂಟ್‌ಗಳನ್ನು ಒಂದಕ್ಕೊಂದು ಹೋಲಿಸಲು ಸಿಪಿಎಂ ಬಣ್ಣದ ಪರೀಕ್ಷೆ ಅಗ್ಗ. ಬಿಸಿಯಾಗಿ ಬಿಚ್ಚಿಕೊಂಡ ಪ್ರೋಟೀನಿನ ಒಳಗಿನ ಸಿಸ್ಟೀನ್‌ಗಳಿಗೆ ಈ ಬಣ್ಣ ಹತ್ತಿ ಹೊಳೆಯುತ್ತದೆ. ಮಾದರಿಗೆ ಹತ್ತು ಮೈಕ್ರೋಗ್ರಾಂ ಪ್ರೋಟೀನ್ ಸಾಕು. ಯಾವ ತಾಪದಲ್ಲಿ ಹೊಳಪು ಅರ್ಧದಷ್ಟು ಏರಿರುತ್ತದೋ ಅದೇ ಪ್ರೋಟೀನ್ ಬಿಚ್ಚಿಕೊಳ್ಳುವ ಬಿಂದು, ಹೆಚ್ಚಿದ್ದಷ್ಟೂ ಒಳ್ಳೆಯದು. ಯಂತ್ರ ನೋಡಿಕೊಳ್ಳಿ: ಈ ಬಣ್ಣಕ್ಕೆ 387 ನ್ಯಾನೋಮೀಟರ್ ಸುಮಾರಿನ ಬೆಳಕು ಬೇಕು, ಎಲ್ಲ ಕ್ಯುಪಿಸಿಆರ್ ಯಂತ್ರದಲ್ಲೂ ಆ ದೀಪ ಇರುವುದಿಲ್ಲ. ಬಿಸಿಮಾಡುವ ಕುವೆಟ್ಟಿನ ಫ್ಲೂರೋಮೀಟರ್ ಇದ್ದರೆ ನಡೆಯುತ್ತದೆ.

ಕೊನೆಗೆ ಸಾಗಣೆ. ಶುದ್ಧವಾದ ರಿಸೆಪ್ಟರನ್ನು ಬೆಂಗಳೂರಿನ ಎನ್‌ಸಿಬಿಎಸ್ ಆವರಣದ ರಾಷ್ಟ್ರೀಯ ಕ್ರಯೋ-ಇಎಂ ಕೇಂದ್ರಕ್ಕೋ ಬೇರೆ ಲ್ಯಾಬಿಗೋ ಒಯ್ಯುವುದಿದ್ದರೆ ಎಲ್‌ಎಂಎನ್‌ಜಿಯ ಬೆಲೆ ಆಗ ಅರ್ಥವಾಗುತ್ತದೆ. ಡಿಡಿಎಂನಲ್ಲಿರುವ ಮಾದರಿಯನ್ನು ಐಸಿನ ಮೇಲೆ ರಾತ್ರಿ ರೈಲಿನಲ್ಲಿ ಒಯ್ಯುವುದು ಅಪಾಯ. ಎಲ್‌ಎಂಎನ್‌ಜಿಯಲ್ಲಿ ಅಟ್ರೊಪಿನ್ ಸಮೇತ ಇದ್ದರೆ ಆ ಪ್ರಯಾಣ ತಾಳುತ್ತದೆ. ಇನ್ನೂ ಭದ್ರವೆಂದರೆ 20ರಿಂದ 50 ಮೈಕ್ರೋಲೀಟರಿನ ತೆಳುಗೋಡೆಯ ಕೊಳವೆಗಳಲ್ಲಿ ದ್ರವ ಸಾರಜನಕಕ್ಕೆ ಮುಳುಗಿಸಿ ಹೆಪ್ಪುಗಟ್ಟಿಸಿ, ಒಣ ಶಿಪ್ಪರ್‌ನಲ್ಲಿ ಕಳಿಸುವುದು. ಕಳಿಸುವ ಮುನ್ನ ಒಂದು ಕೊಳವೆಯನ್ನು ಇಲ್ಲೇ ಕರಗಿಸಿ ಮತ್ತೆ ಕಾಲಮ್ ಮೇಲೆ ಓಡಿಸಿ. 12, 13 ಮಿಲಿಯ ಶಿಖರ ಹಾಗೇ ಇದ್ದರೆ ಉಳಿದವನ್ನು ಪೆಟ್ಟಿಗೆಗೆ ಹಾಕಬಹುದು. 8ರ ಕಡೆಗೆ ಸರಿದಿದ್ದರೆ ಪೆಟ್ಟಿಗೆ ಕಟ್ಟಬೇಡಿ, ಮುಂದಿನ ಸಲ ಗ್ಲಿಸರಾಲ್ 10%ಕ್ಕೆ ಏರಿಸಿ ಹೆಪ್ಪುಗಟ್ಟಿಸಿ ನೋಡಿ. ಚಿತ್ರ ತೆಗೆಯುವ ಪಾಲಿಗೆ ಮಾತ್ರ ಗ್ಲಿಸರಾಲ್ ಬೇಡ, ಅದು ಗ್ರಿಡ್ ಮೇಲಿನ ಚಿತ್ರದ ಸ್ಪಷ್ಟತೆಯನ್ನು ತಗ್ಗಿಸುತ್ತದೆ.